ಹರಳೆಣ್ಣೆಯ ಕಲೆ ಬಿದ್ದ ಪದ

ನನ್ನ ಇಂಗ್ಲಿಷ್–ಕನ್ನಡ ನಿಘಂಟನ್ನು ಮೇಜಿನ ಮೇಲಿಟ್ಟು ಕೈ ಬಿಟ್ಟರೆ ಅದು ಯಾವಾಗಲೂ ಒಂದೇ ಪುಟಕ್ಕೆ ತೆರೆದುಕೊಳ್ಳುತ್ತದೆ. ಅಲ್ಲಿ ಬೈಂಡು ಸಡಿಲವಾಗಿರಬೇಕು, ಅಷ್ಟೇ, ಎಂದು ನೀವು ಹೇಳಬಹುದು. ನಾನೂ ಹಾಗೇ ಹೇಳಿಕೊಳ್ಳುತ್ತೇನೆ. ಮೊನ್ನೆ ಬೇರೆ ಯಾವುದೋ ಪದ ಹುಡುಕಬೇಕಿತ್ತು. ಯಾವುದು ಎನ್ನುವುದು ಈಗ ಮರೆತೇಹೋಗಿದೆ. ಪುಸ್ತಕ ಮತ್ತೆ ಅಲ್ಲಿಗೇ ಬಿತ್ತು. ಆ ಪುಟದ ನಡುವೆ ಎಣ್ಣೆಯ ಕಲೆಯೊಂದಿದೆ. ಮೊದಲು ತೊಗರಿಬೇಳೆಯಷ್ಟಿತ್ತು, ಆಮೇಲೆ ಹುಣಸೆಬೀಜದಷ್ಟಾಯಿತು. ಈಗ ಎಳೆಯ ವೀಳ್ಯದೆಲೆಯಷ್ಟು ಅಗಲವಾಗಿದೆ. ಅದರೊಳಗಿನಿಂದ ಹಿಂದಿನ ಪುಟದ ಅಕ್ಷರಗಳು ತಿರುಗುಮುರುಗಾಗಿ ಇಣುಕುತ್ತವೆ. ಎಣ್ಣೆ ಕಾಗದದಲ್ಲಿ ಹರಡುವುದು ಸಹಜ. ಆದರೆ ಇಷ್ಟು ವರ್ಷವೂ ಹರಡುತ್ತಲೇ ಇರುತ್ತದೆಯೇ ಎಂದು ವಿಜ್ಞಾನದ ಮೇಷ್ಟ್ರೊಬ್ಬರನ್ನು ಕೇಳಿದೆ. ಅವರು ಪುಸ್ತಕವನ್ನು ಮೂಸಿ ನೋಡಿ, "ಹರಳೆಣ್ಣೆ ಅಲ್ವೇನ್ರೀ? ನಿನ್ನೆ ಮೊನ್ನೆದು ಇದ್ದಂಗದೆ" ಅಂದರು. ನಾನು ಪುಸ್ತಕ ಮುಚ್ಚಿದೆ.

ಕಲೆ ಬಿದ್ದಿರುವುದು ಪೆರಿಟೊನೈಟಿಸ್ ಎಂಬ ಪದದ ಮೇಲೆ.

ಆ ನಿಘಂಟು ನನಗೆ ಬಹುಮಾನವಾಗಿ ಬಂದದ್ದು. ಹೈಸ್ಕೂಲಿನಲ್ಲಿ ಸ್ಪೆಲ್ಲಿಂಗ್ ಸ್ಪರ್ಧೆ ಇಟ್ಟಿದ್ದರು. ಅರ್ಥ ಗೊತ್ತಿಲ್ಲದ ಪದಗಳನ್ನು ತಪ್ಪಿಲ್ಲದೆ ಬರೆಯುವುದು ನನ್ನ ಮೊದಲ ಪ್ರತಿಭೆ; ಮುಂದೆ ಅದರ ಬಲದಿಂದಲೇ ಕವಿಯಾದೆ. ಇಪ್ಪತ್ತನಾಲ್ಕನೆಯ ವಯಸ್ಸಿಗೆ ಹುಣಸೂರಿನ ಒಂದು ಬಾಡಿಗೆ ಕೋಣೆಯಲ್ಲಿ ಕೂತು, ಪೂರ್ಣವಿರಾಮಗಳನ್ನೇ ಬಹಿಷ್ಕರಿಸಿದ ಕೈಬರಹದ ಪತ್ರಿಕೆಯೊಂದನ್ನು ನಡೆಸುತ್ತಿದ್ದೆ. ಅದಕ್ಕೆ ಇಬ್ಬರು ಓದುಗರು: ನಾನು ಮತ್ತು ನನ್ನ ಸೋದರತ್ತೆಯ ಮಗ ಮಾದೇವ. ಮಾದೇವ ಓದುತ್ತಿರಲಿಲ್ಲ.

ಕಂಪಲಾಪುರದ ಹತ್ತಿರ ನಮ್ಮೂರು. ಅತ್ತೆಯ ಹೆಸರು ತಾಯಮ್ಮ. ಗಂಡ ತೀರಿಕೊಂಡ ಮೇಲೆ ಮಗನೊಂದಿಗೆ ತವರಿಗೆ ಬಂದು ನಮ್ಮ ಬೀದಿಯಲ್ಲೇ ಇದ್ದಳು. ಸುತ್ತಿನ ಹತ್ತಾರು ಹಳ್ಳಿಗೆ ಅವಳು ಬಟ್ಟಿ ತೆಗೆಯುವ ತಾಯಮ್ಮ. ನಮ್ಮ ಸೀಮೆಯಲ್ಲಿ ಹೊಟ್ಟೆನೋವಿಗೆ ಮೊದಲ ಹೆಸರೇ ಬಟ್ಟಿ. ಭಾರ ಎತ್ತಿದಾಗಲೋ ಹಸಿದ ಹೊಟ್ಟೆಯಲ್ಲಿ ಎಡವಿದಾಗಲೋ ಹೊಕ್ಕುಳಿನ ಮಿಡಿತ ತನ್ನ ಜಾಗ ಬಿಟ್ಟು ಜಾರುತ್ತದೆ, ಎಣ್ಣೆ ಹಚ್ಚಿ ನೀವಿ ಅದನ್ನು ಮತ್ತೆ ಜಾಗಕ್ಕೆ ಕೂರಿಸಬೇಕು ಎಂಬುದು ನಂಬಿಕೆ. ಅತ್ತೆ ಹೆಬ್ಬೆರಳನ್ನು ಹೊಕ್ಕುಳಿಗೆ ಒತ್ತಿ, ಕಣ್ಣು ಮುಚ್ಚಿ, ಒಳಗೆ ಯಾರೋ ಪಿಸುಗುಡುವುದನ್ನು ಕೇಳಿಸಿಕೊಳ್ಳುವವಳ ಹಾಗೆ ಕೂರುತ್ತಿದ್ದಳು. "ಏನ್ಲಾ, ಹಸಿ ಕಡ್ಲೆಕಾಯಿ ಎಷ್ಟ್ ಮುಕ್ದೆ? ಇಲ್ಲ ಅನ್ಬ್ಯಾಡ. ಒಟ್ಟೆ ಸುಳ್ ಹೇಳಾಕಿಲ್ಲ ಕಣ್ಲಾ, ಬಾಯಿ ಹೇಳ್ತದೆ." ವೀರನಹೊಸಹಳ್ಳಿಯ ಕಡೆಯಿಂದ ಗಾಡಿ ಕಟ್ಟಿಕೊಂಡು ಬರುವವರೂ ಈ ಬೈಗುಳವನ್ನು ತಿಂದು, ಗುಣವಾಗಿ ಹೋಗುತ್ತಿದ್ದರು.

ಅವಳಿಗೆ ಎರಡು ಕಟ್ಟುಪಾಡುಗಳಿದ್ದವು. ನೀವಿದ ಕೈಯನ್ನು ಎಣ್ಣೆ ಆರುವ ಮೊದಲೇ ಹಿತ್ತಲಿಗೆ ಹೋಗಿ ತೊಳೆಯಬೇಕು, ಹಿಂತಿರುಗಿ ನೋಡಬಾರದು. ನೋಡಿದರೆ ಮಲಗಿದವನ ನೋವು ಕೈಗೆ ಹತ್ತಿಕೊಳ್ಳುತ್ತದೆ. ಇದು ಅವಳಿಗೆ. ಎರಡನೆಯದು ನೋವಿನವನಿಗೆ. ನಡುಮನೆಯ ಬಾಗಿಲ ಹತ್ತಿರ ಹಳೆಯ ಹಗೇವು ಇತ್ತು, ಅಂದರೆ ಹಿಂದಿನವರು ರಾಗಿ ತುಂಬಿಡುತ್ತಿದ್ದ ನೆಲದೊಳಗಿನ ಕಣಜ. ರಾಗಿ ಖಾಲಿಯಾಗಿ ಎಷ್ಟೋ ಕಾಲವಾಗಿತ್ತು. ಮೇಲೆ ಚಪ್ಪಡಿ ಮುಚ್ಚಿದ್ದರು. ನೋವಿನವನು ಎದ್ದು ಆ ಚಪ್ಪಡಿಯ ಮೇಲೆ ನಿಂತು, ತುದಿಗಾಲಲ್ಲಿ ಏರಿ, ಹಿಮ್ಮಡಿಗಳನ್ನು ದಪ್ಪನೆ ಕೆಳಕ್ಕೆ ಬಿಡಬೇಕು. ಮೂರು ಸಲ. ಹೊಟ್ಟೆ ಸುಮ್ಮನಿದ್ದರೆ ಬಟ್ಟಿ ಕೂತಿದೆ. ಹಿಮ್ಮಡಿ ಬಿದ್ದಾಗ ಹೊಟ್ಟೆಯೊಳಗೆ ನೋವು ಕುಟುಕಿದರೆ ಅತ್ತೆ ಮತ್ತೆ ಮುಟ್ಟುತ್ತಿರಲಿಲ್ಲ. "ಇದು ನನ್ ಕೈದಲ್ಲ, ಡಾಕ್ಟ್ರ ಕೈದು. ಒಂದ್ ಗುಟುಕ್ ನೀರೂ ಕೊಡಬ್ಯಾಡಿ, ಪಿರಿಯಾಪಟ್ಟಣಕ್ಕೆ ಓಗಿ" ಎಂದು ಕಳಿಸಿಬಿಡುತ್ತಿದ್ದಳು. ಅವಳು ಹಿತ್ತಲಲ್ಲಿ ಬೆನ್ನು ಮಾಡಿ ನಿಂತಿರುವುದರಿಂದ ಹಿಮ್ಮಡಿ ಕುಟ್ಟುವುದನ್ನು ಮನೆಯವರೊಬ್ಬರು ನಿಂತು ನೋಡಿ, ಕೂಗಿ ಹೇಳಬೇಕಿತ್ತು.

ತೊಂಬತ್ತರ ದಶಕದ ಕೊನೆಯ ಒಂದು ಹೊಗೆಸೊಪ್ಪಿನ ಸುಗ್ಗಿ. ವರ್ಷವನ್ನೂ ಹೇಳಬಲ್ಲೆ, ಆದರೆ ಹೇಳಿದ ಕೂಡಲೇ ಉಳಿದದ್ದನ್ನೆಲ್ಲ ನೀವು ನಂಬಿಬಿಡುತ್ತೀರಿ, ಅದು ಬೇಡ. ನಾನು ರಜೆಗೆ ಊರಿಗೆ ಬಂದಿದ್ದೆ. ಮಾದೇವನ ಬ್ಯಾರನ್ನಿನಲ್ಲಿ, ಅಂದರೆ ಹೊಗೆಸೊಪ್ಪು ಹದ ಮಾಡುವ ಮನೆಯಲ್ಲಿ, ಸೊಪ್ಪು ಏರಿಸಿ ಎರಡು ದಿನವಾಗಿತ್ತು. ಕಡ್ಡಿಗೆ ಕಟ್ಟಿ ಸಾಲುಸಾಲಾಗಿ ತೂಗುಹಾಕಿದ ಹಸಿರು ಎಲೆ, ಕೆಳಗಿನ ಒಲೆಯ ಕಾವಿಗೆ ನಿಧಾನವಾಗಿ ಹಳದಿಯಾಗಬೇಕು. ಕಾವು ಒಂದು ಗೆರೆ ತಪ್ಪಿದರೂ ಎಲೆ ಕಪ್ಪಾಗುತ್ತದೆ. ಆ ದಿನಗಳಲ್ಲಿ ನಮ್ಮ ಕಡೆ ಮನೆಯಲ್ಲಿ ಯಾರು ಸತ್ತರೂ ಒಲೆ ಬಿಟ್ಟು ಏಳುವುದಿಲ್ಲ ಎಂಬ ಮಾತಿದೆ. ಮಾತು, ಅಷ್ಟೇ.

ಮಾದೇವನಿಗೆ ಹಿಂದಿನ ದಿನದಿಂದ ಹೊಟ್ಟೆನೋವು. ಮೊದಲು ಹೊಕ್ಕುಳ ಸುತ್ತ ಇದ್ದದ್ದು ಬಲಗಡೆಗೆ ಇಳಿದಿತ್ತು. ಮಧ್ಯಾಹ್ನ ಅತ್ತೆ ಅವನನ್ನು ಚಾಪೆಯ ಮೇಲೆ ಮಲಗಿಸಿದಳು.

"ಸೌದೆ ಎತ್ತಿ ಬಂದದ್ದಲ್ಲ ಕಣವ್ವ. ಇವನ ಪದ್ಯ ಕೇಳಿ ಬಂದದ್ದು," ಅಂದ ಮಾದೇವ, ನನ್ನ ಕಡೆ ಕಣ್ಣು ತಿರುಗಿಸಿ.

"ನೀನ್ ಯಾವತ್ಲಾ ಕೇಳಿದ್ದೆ, ಬಾವ?" ಅಂದೆ.

"ಕೇಳ್ದೆ ಇದ್ರೂ ತಗಲ್ತದೆ ಕಣ್ಲಾ ಅದು."

"ಇಬ್ರೂ ಬಾಯ್ ಮುಚ್ಚಿ," ಅಂದಳು ಅತ್ತೆ. "ಉಸ್ರು ಬುಡ್ಲಾ. ಕಲ್ಲಾಗಿ ಬಿದ್ಕಬ್ಯಾಡ."

ಅವಳು ನೀವುತ್ತ ಹೋದಳು. ಮಾದೇವ ಹಲ್ಲು ಕಚ್ಚಿದ್ದ. ಹೆಂಚಿನ ಗಾಜಿನಿಂದ ಬಿದ್ದ ಬಿಸಿಲು ಅವನ ಹೊಟ್ಟೆಯ ಮೇಲೆ, ಎಣ್ಣೆಯ ಮೇಲೆ ಹೊಳೆಯುತ್ತಿತ್ತು. ಆಗ ಇದ್ದಕ್ಕಿದ್ದಂತೆ ಅವನ ಮುಖ ಸಡಿಲಾಯಿತು. ಕಟ್ಟಿದ್ದ ಹಗ್ಗವನ್ನು ಯಾರೋ ಬಿಚ್ಚಿದ ಹಾಗೆ. ಅವನು ಕಣ್ಣು ಬಿಟ್ಟು ಸೂರು ನೋಡಿದ, ಆಮೇಲೆ ನಕ್ಕ.

"ನಿಂತೋಯ್ತು ಕಣವ್ವ. ಪೂರಾ ನಿಂತೋಯ್ತು."

ನಾನು ಚಪ್ಪಾಳೆ ತಟ್ಟಿದೆ. ಅತ್ತೆ ನಗಲಿಲ್ಲ. ತನ್ನ ಅಂಗೈಯನ್ನು ನೋಡಿಕೊಂಡಳು. "ಬಟ್ಟಿ ಕೂತ್ರೆ ಮೆತ್ತಗೆ ಕೂರ್ತದೆ. ಇದು..." ಅಂದವಳು ಮಾತು ನಿಲ್ಲಿಸಿ, ಎಣ್ಣೆ ಆರುತ್ತದೆಂದು ಎದ್ದು ಹಿತ್ತಲಿಗೆ ಹೋದಳು.

"ಕುಟ್ಲಾ," ಅಂದೆ ಮಾದೇವನಿಗೆ, ಚಪ್ಪಡಿ ತೋರಿಸಿ.

"ಬುಡ್ಲಾ ಬಾವ, ನಿಂತೋಯ್ತಲ್ಲ. ಒಲೆ ತಣ್ಣಗಾಗ್ತದೆ, ನಡಿ." ಅವನು ಆಗಲೇ ಅಂಗಿ ಹಾಕಿಕೊಳ್ಳುತ್ತಿದ್ದ.

ಹಿತ್ತಲಿನಿಂದ ಅತ್ತೆಯ ದನಿ ಬಂತು: "ಕುಟ್ಟಿದ್ನೇನ್ಲಾ?"

"ಹೂಂ ಕಣತ್ತೆ. ಮೂರು ಸಲ," ಅಂದೆ.

ಇದನ್ನು ಹೇಳಿದಾಗ ನಾನು ಎಲ್ಲಿ ನಿಂತಿದ್ದೆ? ಒಂದು ನೆನಪಿನಲ್ಲಿ ಕಂಬಕ್ಕೆ ಒರಗಿದ್ದೇನೆ. ಇನ್ನೊಂದರಲ್ಲಿ ಬಾಗಿ ಚಪ್ಪಲಿ ಹುಡುಕುತ್ತಿದ್ದೇನೆ. ಮೂರನೆಯದು ಎಲ್ಲಕ್ಕಿಂತ ಸ್ಪಷ್ಟವಾಗಿದೆ: ಅದರಲ್ಲಿ ನನ್ನ ಬೆನ್ನು ನನಗೆ ಕಾಣುತ್ತದೆ, ತಲೆಯ ಹಿಂಭಾಗ, ಬಾಯಿ ಆಡಿದಾಗ ಅಲುಗುವ ಕಿವಿ. ಹಾಗಾದರೆ ನನ್ನ ಹಿಂದೆ ನಿಂತು ನೋಡುತ್ತಿದ್ದವರು ಯಾರು? ನಡುಮನೆಯಲ್ಲಿ ನಾವಿಬ್ಬರೇ ಇದ್ದೆವು. ಸುಳ್ಳು ಹೇಳಿದೆನೆಂಬುದೊಂದು ಮಾತ್ರ ಮೂರರಲ್ಲೂ ಒಂದೇ ಥರ ಇದೆ.

ಬ್ಯಾರನ್ನಿನ ಒಲೆಗೆ ಸೌದೆ ತಳ್ಳಿ ಇಬ್ಬರೂ ಕೂತೆವು. ಮಧ್ಯಾಹ್ನದ ಹೊತ್ತು. ಸೊಪ್ಪು ಬಾಡುವ ಸಿಹಿ, ಒಗರು ವಾಸನೆ. ಮಾದೇವ ಇನ್ನೆರಡು ಸೌದೆ ಒಳಕ್ಕೆ ನೂಕಿದ. ಆಮೇಲೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ಒಳಗೆ ಯಾರೋ ಇದ್ದೋರು ಎದ್ದು ಓದಂಗದೆ ಕಣ್ಲಾ," ಅಂದ.

"ಒಳ್ಳೇದಾಯ್ತು ಬುಡು."

"ಒಳ್ಳೇದೇ. ಆದ್ರೆ ಬಾಗ್ಲು ತೆಗ್ದಿಟ್ಟೇ ಓಗವ್ರೆ."

ಇದು ನಾನು ಆ ದಿನಗಳಲ್ಲಿ ಬರೆದ ಯಾವ ಸಾಲಿಗಿಂತಲೂ ಚೆನ್ನಾಗಿತ್ತು. ಅವನಿಗೆ ಹೇಳಲಿಲ್ಲ, ಹೊಟ್ಟೆಕಿಚ್ಚಾಗಿತ್ತು. ಕಾಗದವಿರಲಿಲ್ಲವೆಂದು ಅಂಗೈ ಮೇಲೆ ಬರೆದುಕೊಂಡೆ.

ಮಾರನೆಯ ಬೆಳಗ್ಗೆ ಅವನ ಹೊಟ್ಟೆ ಹಲಗೆಯಾಗಿತ್ತು. ಮೈ ಕಾದಿತ್ತು. ಟೆಂಪೋ ಮಾಡಿಕೊಂಡು ಪಿರಿಯಾಪಟ್ಟಣಕ್ಕೆ ಹೋದೆವು. ಅಲ್ಲಿಂದ ಮೈಸೂರಿಗೆ ಕಳಿಸಿದರು. ದಾರಿಯುದ್ದಕ್ಕೂ ರಸ್ತೆಯ ಪ್ರತಿ ಗುಂಡಿಗೂ ಅವನು ಒಂದೊಂದು ಸಲ ಕಿರುಚಿದ. ಆಪರೇಷನ್ ಆಯಿತು. ಚಿಕ್ಕ ವಯಸ್ಸಿನ ಡಾಕ್ಟರು ನನ್ನನ್ನು ಕರೆದು ಅಪೆಂಡಿಕ್ಸ್ ಒಡೆದು ಕೀವು ಹೊಟ್ಟೆಯೆಲ್ಲ ಹರಡಿದೆ ಎಂದರು. "ನಡುವೆ ನೋವು ನಿಂತಿತ್ತಾ?" ಎಂದು ಕೇಳಿದರು.

"ನಿನ್ನೆ ಮಧ್ಯಾಹ್ನ, ಸಾರ್."

"ಒಡೆದಾಗ ಸ್ವಲ್ಪ ಹೊತ್ತು ನಿಲ್ಲುತ್ತೆ. ಮನೆಯವರು ವಾಸಿಯಾಯ್ತು ಅಂದ್ಕೋತಾರೆ. ಆಗಲೇ ಬಂದಿದ್ರೆ..." ಅವರು ವಾಕ್ಯ ಮುಗಿಸಲಿಲ್ಲ. ಪೂರ್ಣವಿರಾಮ ಬಹಿಷ್ಕರಿಸಿದ್ದ ನನಗೆ ಆ ಹೊತ್ತು ಒಂದು ಪೂರ್ಣವಿರಾಮ ಬೇಕೆನಿಸಿತು.

ಮೂರನೆಯ ದಿನ ಮಾದೇವ ತೀರಿಕೊಂಡ. ಆಸ್ಪತ್ರೆಯವರು ಕೊಟ್ಟ ಕಾಗದದಲ್ಲಿ ಆ ಪದವಿತ್ತು.

ಹನ್ನೊಂದು ಇಂಗ್ಲಿಷ್ ಅಕ್ಷರ. ಪಿ, ಇ, ಆರ್, ಐ, ಟಿ, ಓ, ಎನ್, ಐ, ಟಿ, ಐ, ಎಸ್. ಕೇಳಿದವರಿಗೆಲ್ಲ ತಪ್ಪಿಲ್ಲದೆ ಹೇಳುತ್ತಿದ್ದೆ. ಮಾದೇವನ ತಿಥಿಯೂ ಹನ್ನೊಂದನೆಯ ದಿನ. ಹನ್ನೊಂದು ದಿನ, ಹನ್ನೊಂದು ಅಕ್ಷರ. ಇಂಥ ಹೊಂದಿಕೆ ಸಿಕ್ಕಾಗಲೆಲ್ಲ ನನಗೆ ನನ್ನ ಮೇಲೇ ಅನುಮಾನ ಬರುತ್ತದೆ. ನೆನಪು ಇಷ್ಟು ಅಚ್ಚುಕಟ್ಟಾಗಿ ಕೂತಿದೆ ಎಂದರೆ ಯಾರೋ ನೀವಿ ಕೂರಿಸಿದ್ದಾರೆ ಎಂದೇ ಅರ್ಥ. ಆದರೆ ಅಕ್ಷರಗಳನ್ನು ನೀವೇ ಎಣಿಸಿ ನೋಡಬಹುದು.

ತಿಥಿಯ ದಿನ ನೆಂಟರೆಲ್ಲ ಹೋದ ಮೇಲೆ ಅತ್ತೆ ಆ ಕಾಗದ ತಂದು ನನ್ನ ಮುಂದಿಟ್ಟಳು. ಅಷ್ಟರಲ್ಲಿ ಊರು ಅವಳನ್ನು ನೋಡುವ ರೀತಿ ಬದಲಾಗಿತ್ತು. ಯಾರೂ ಏನೂ ಅನ್ನಲಿಲ್ಲ. ಅವಳು ಎದುರು ಬಂದಾಗ ಹೆಂಗಸರು ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಳ್ಳುತ್ತಿದ್ದರು, ಅಷ್ಟೇ.

"ಇದ್ರಲ್ಲಿ ಏನ್ ಬರ್ದವ್ರೆ ಓದ್ಲಾ."

ಓದಿದೆ.

"ಅಂಗಂದ್ರೆ?"

ನಿಘಂಟು ತಂದಿದ್ದೆ. ಪೆರಿಟೊನೈಟಿಸ್ ಎಂದರೆ ಪೆರಿಟೊನಿಯಮ್ಮಿನ ಉರಿಯೂತ ಎಂದಿತ್ತು. ಮೇಲಿನ ಸಾಲಿಗೆ ಹೋದೆ. ಪೆರಿಟೊನಿಯಮ್ ಎಂದರೆ ಉದರದ ಒಳಪೊರೆ. "ಒಟ್ಟೆ ಒಳಗೆ ಒಂದು ಪೊರೆ ಅದೆ ಅತ್ತೆ. ಅದು ಉರ್ದು ಊದ್ಕಂಡ್ರೆ ಇಂಗೆ ಅಂತಾರೆ."

"ಯಾರು ನೀವಿದ್ರು ಅಂತ ಬರ್ದವ್ರಾ?"

"ಇಲ್ಲ."

"ನನ್ ಹೆಸ್ರು ಇಲ್ವಾ ಅದ್ರಲ್ಲಿ?"

"ಇಲ್ಲ ಕಣತ್ತೆ."

ಅವಳು ಕಾಗದವನ್ನು ತಿರುಗಿಸಿ ಹಿಂಬದಿ ನೋಡಿದಳು. ಆಮೇಲೆ ಕೇಳಿದಳು: "ಇನ್ಯಾರ್ ಹೆಸ್ರೂ ಇಲ್ವಾ?"

"ಇಲ್ಲ."

ಅತ್ತೆ ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡು, "ಯಾವ್ದು ತೋರ್ಸು" ಅಂದಳು. ತೋರಿಸಿದೆ. ಹೊಕ್ಕುಳಿಗೆ ಒತ್ತುವ ಹಾಗೆ ಹೆಬ್ಬೆರಳನ್ನು ಆ ಪದದ ಮೇಲೆ ಒತ್ತಿ ಕಣ್ಣು ಮುಚ್ಚಿದಳು. ಬೆರಳು ತೆಗೆದಾಗ ತೊಗರಿಬೇಳೆಯಷ್ಟು ಕಲೆ ಉಳಿದಿತ್ತು. ಅವಳು ಮಗನ ಹೊಟ್ಟೆಯ ನಂತರ ಹರಳೆಣ್ಣೆ ಮುಟ್ಟಿರಲಿಲ್ಲ. ಹೆಚ್ಚುಕಡಿಮೆ ಎರಡು ವಾರ ತೊಳೆದ ಕೈ ಅದು.

ಮುಂದೆ ಯಾರ ಬಟ್ಟಿಯನ್ನೂ ಅವಳು ತೆಗೆಯಲಿಲ್ಲ. ಆದರೆ ಕೈ ನಿಲ್ಲಲಿಲ್ಲ. ಮಾತಾಡುತ್ತ ಕೂತಾಗ ಅದು ಚಾಪೆಯ ಮೇಲೆ, ಗೋಡೆಯ ಮೇಲೆ, ಮಡಿಲಲ್ಲಿಟ್ಟ ಕುಂಬಳಕಾಯಿಯ ಮೇಲೆ ತಾನಾಗಿ ಸುತ್ತುತ್ತಿತ್ತು, ಎಡದಿಂದ ಬಲಕ್ಕೆ, ನಿಧಾನವಾಗಿ. ಅವಳು ಅದನ್ನು ನೋಡುತ್ತಿರಲಿಲ್ಲ. ನಾನು ಊರಿಗೆ ಬಂದಾಗಲೆಲ್ಲ ಕಾಗದ ತರುತ್ತಿದ್ದಳು. ಮತ್ತೆ ಅದೇ: ನನ್ ಹೆಸ್ರು ಇಲ್ವಾ, ಇನ್ಯಾರ್ ಹೆಸ್ರೂ ಇಲ್ವಾ. ಮಡಿಕೆಯಲ್ಲಿ ಕಾಗದ ಹರಿದುಹೋಯಿತು. ಎರಡು ತುಂಡುಗಳನ್ನು ಜೋಡಿಸಿ ಹಿಡಿದು ಓದುತ್ತಿದ್ದೆ.

ಹೇಳಲಾಗದ್ದನ್ನು ಹೇಳದೆ ಇರಲು ನನಗೆ ಗೊತ್ತಿದ್ದ ಉಪಾಯವೆಂದರೆ ಇನ್ನಷ್ಟು ಓದುವುದು. ಹುಣಸೂರಿನಲ್ಲಿ, ಮೈಸೂರಿನ ಗ್ರಂಥಾಲಯದಲ್ಲಿ ಆ ಪದದ ಬೇರು ಕೆದಕಿದೆ. ಅದು ಗ್ರೀಕಿನಿಂದ ಬಂದದ್ದು. ಪೆರಿ ಎಂದರೆ ಸುತ್ತ. ಆಮೇಲಿನ ತುಂಡು ಎಳೆದು ಬಿಗಿಯುವುದಕ್ಕೆ ಸಂಬಂಧಿಸಿದ್ದು. ಕೂಡಿಸಿದರೆ ಸುತ್ತ ಬಿಗಿದದ್ದು. ತಮಟೆಯ ಸುತ್ತ ಚರ್ಮ ಬಿಗಿದ ಹಾಗೆ ಕರುಳಿನ ಸುತ್ತ ಬಿಗಿದ ಪೊರೆ. ಕೊನೆಯ ಐಟಿಸ್ ಎಂಬ ಬಾಲಕ್ಕೆ ಮೊದಮೊದಲು ಉರಿ, ಊತ ಎಂಬ ಅರ್ಥವೇ ಇರಲಿಲ್ಲವಂತೆ. 'ಅದಕ್ಕೆ ಸೇರಿದ್ದು' ಎಂದಷ್ಟೇ. ಸುತ್ತ ಬಿಗಿದದ್ದಕ್ಕೆ ಸೇರಿದ ಕಾಯಿಲೆ. ಉರಿ ಆಮೇಲೆ ಬಂದು ಸೇರಿಕೊಂಡಿತು. ಯಾರು ಮಾಡಿದ್ದು, ಯಾರಿಂದ ಆದದ್ದು ಎಂಬುದಕ್ಕೆ ಆ ಪದದಲ್ಲಿ ಎಲ್ಲೂ ಜಾಗವಿಲ್ಲ. ಅದು ನನಗೆ ಎಷ್ಟು ಸಮಾಧಾನ ಕೊಟ್ಟಿತೆಂದರೆ, ಆ ಸಮಾಧಾನದ ಮೇಲೆ ಕೂಡಲೇ ಅಸಹ್ಯವಾಯಿತು. ನಿಂತುಹೋದ ನೋವಿನ ಹಾಗಿತ್ತು ಅದು.

ಒಮ್ಮೆ ಪರಿಚಯದ ಡಾಕ್ಟರೊಬ್ಬರಿಗೆ ಅತ್ತೆಯ ಹಿಮ್ಮಡಿಯ ಪದ್ಧತಿಯನ್ನು, ಯಾರದೋ ಕತೆ ಎಂಬಂತೆ ಹೇಳಿದೆ. ಅವರು ನಗುತ್ತಾರೆ ಎಂದುಕೊಂಡಿದ್ದೆ. "ನಾವೂ ಹಾಗೇ ನೋಡ್ತೀವಲ್ಲ," ಅಂದರು. "ಹಿಮ್ಮಡಿ ಮೇಲೆ ಧೊಪ್ ಅಂತ ಬೀಳೋಕೆ ಹೇಳ್ತೀವಿ. ಒಳಪೊರೆ ಕೆಟ್ಟಿದ್ರೆ ಕಿರುಚ್ಕೋತಾರೆ."

"ನೋವು ನಿಂತ ಹೊತ್ತಲ್ಲೂ?"

"ಬಹುಶಃ," ಅಂದರು.

ಈ ಒಂದು ಬಹುಶಃ ಜೊತೆ ನಾನು ಸುಮಾರು ವರ್ಷ ಬಾಳಿದ್ದೇನೆ. ನಡುವೆ ಒಂದು ಸಲ ಕಲೆಯನ್ನು ಬೆಳಕಿಗೆ ಹಿಡಿದು ನೋಡಿದಾಗ ಅದು ಕೆಳಮುಖವಾಗಿ ಹರಡುತ್ತಿರುವುದು ಕಂಡಿತು. ಆ ಪದದ ಕೆಳಗೆ ಒಂದು ಹೂಗಿಡದ ಹೆಸರಿದೆ. ಅದರ ಕೆಳಗೆ, ಅದೇ ಪುಟದಲ್ಲಿ, ಪರ್ಜರಿ ಎಂಬ ಪದಕ್ಕೆ ಕನ್ನಡದಲ್ಲಿ ಅರ್ಥ ಕೊಟ್ಟಿದ್ದಾರೆ: ಸುಳ್ಳು ಸಾಕ್ಷಿ. ಇದನ್ನು ನಾನು ಕತೆಯಲ್ಲಿ ಬರೆದಿದ್ದರೆ ಹೊಡೆದುಹಾಕುತ್ತಿದ್ದೆ. ಆದರೆ ನಿಘಂಟನ್ನು ಜೋಡಿಸಿದವನು ನಾನಲ್ಲ, ಅಕಾರಾದಿ. ಎಣ್ಣೆ ಆ ಪದವನ್ನು ಇನ್ನೂ ಮುಟ್ಟಿರಲಿಲ್ಲ. ಒಂದು ಸಾಲು ಬಾಕಿ ಇತ್ತು.

ಎರಡು ಸಾವಿರದ ಐದೋ ಆರೋ. ಕೆ.ಆರ್. ನಗರದಲ್ಲಿ ಒಂದು ಮದುವೆಯೂಟ ಉಂಡು ಊರಿಗೆ ಬಂದವನಿಗೆ ಮಾರನೆಯ ಬೆಳಗ್ಗೆ ಹೊಟ್ಟೆನೋವು. ಅತ್ತೆಯನ್ನು ನೋಡಲು ಹೋದವನು ಅವಳ ಮುಂದೆ ಹೊಟ್ಟೆ ಹಿಡಿದುಕೊಳ್ಳಬಾರದೆಂದು ಬಹಳ ಪ್ರಯತ್ನ ಮಾಡಿದೆ. ಅವಳಿಗೆ ಆಗ ಕಣ್ಣು ಮಂಜಾಗಿತ್ತು.

"ಎಷ್ಟೊತ್ತಿಂದ ನೋಯ್ತಾ ಅದೆ?" ಅಂದಳು, ನನ್ನ ಕಡೆ ನೋಡದೆ.

"ಏನಿಲ್ಲತ್ತೆ. ನಿನ್ನೆ ಒಬ್ಬಟ್ಟು ಜಾಸ್ತಿ ತಿಂದೆ."

"ಮಲಕ್ಕ."

"ಬ್ಯಾಡ ಅತ್ತೆ. ನೀನು ಬುಟ್ಬುಟ್ಟಿದ್ದೀಯಲ್ಲ."

"ಮಲಕ್ಕಳ್ಲಾ ಅಂದ್ರೆ."

ಮಲಗಿದೆ. ಅದೇ ನಡುಮನೆ, ಅದೇ ಹೆಂಚಿನ ಗಾಜು, ಸೂರಿನಲ್ಲಿ ಮಾದೇವ ನೋಡಿದ್ದ ಅದೇ ತೊಲೆ. ಅವಳು ಒಳಗಿನಿಂದ ಹರಳೆಣ್ಣೆಯ ಸೀಸೆ ತಂದಳು. ಅದು ತುಂಬಿತ್ತು. ಹೆಬ್ಬೆರಳು ಹೊಕ್ಕುಳಿಗೆ ಇಳಿಯಿತು, ಬೆಚ್ಚಗಿತ್ತು. ಕಣ್ಣು ಮುಚ್ಚಿಕೊಂಡು ಅವಳು ಕೇಳಿಸಿಕೊಂಡಳು. ಒಟ್ಟೆ ಸುಳ್ಳು ಹೇಳಾಕಿಲ್ಲ ಎಂಬುದು ನೆನಪಾಗಿ ನಾನು ಉಸಿರು ಹಿಡಿದೆ.

"ಕಲ್ಲಾಗಿ ಬಿದ್ಕಬ್ಯಾಡ," ಅಂದಳು. ನೀವಿದಳು. ನಿಧಾನವಾಗಿ, ಎಡದಿಂದ ಬಲಕ್ಕೆ. ಮುಗಿದ ಮೇಲೆ, "ಏಳು. ಕುಟ್ಟು."

ಚಪ್ಪಡಿಯ ಮೇಲೆ ನಿಂತೆ. ಅವಳು ಹಿತ್ತಲಿಗೆ ಹೋಗಲಿಲ್ಲ. ಎಣ್ಣೆಯ ಕೈಯನ್ನು ಮುಂದಕ್ಕೆ ಚಾಚಿಕೊಂಡು ಎದುರಿಗೇ ಕೂತಳು.

"ಕೈ ತೊಳ್ಕಳಲ್ವೇನತ್ತೆ? ಎಣ್ಣೆ ಆರೋಗ್ತದೆ."

"ಆರ್ಲಿ. ಈ ಸಲ ನಾನೇ ನೋಡ್ತೀನಿ."

ತುದಿಗಾಲಲ್ಲಿ ಏರಿ ಹಿಮ್ಮಡಿ ಬಿಟ್ಟೆ. ಕೆಳಗಿನ ಖಾಲಿ ಹಗೇವು ಧುಂ ಎಂದಿತು. ಗೂಡಿನಲ್ಲಿದ್ದ ಲೋಟ ಅಲುಗಿತು. ಎರಡನೆಯ ಸಲಕ್ಕೆ ಹಿತ್ತಲಿನಲ್ಲಿ ಕಟ್ಟಿದ್ದ ಕರು ಬೆದರಿ ಎದ್ದು ನಿಂತದ್ದು ಬಾಗಿಲಿನಿಂದ ಕಂಡಿತು. ಆಗ ತಿಳಿಯಿತು ನನಗೆ, ಆ ಸದ್ದು ಎಲ್ಲಿಯವರೆಗೆ ಹೋಗುತ್ತದೆ ಎಂದು. ಅವಳು ಎಲ್ಲರನ್ನೂ ಆ ಚಪ್ಪಡಿಯ ಮೇಲೇ ಯಾಕೆ ನಿಲ್ಲಿಸುತ್ತಿದ್ದಳು ಎಂದು. ಮೂರನೆಯ ಸಲವೂ ಕುಟ್ಟಿದೆ. ಹೊಟ್ಟೆ ನೋಯಲಿಲ್ಲ. ಒಬ್ಬಟ್ಟು, ಅಷ್ಟೇ.

ಅತ್ತೆ ಎದ್ದು ಹಿತ್ತಲಿಗೆ ಹೋದಳು. ಚೊಂಬಿನಿಂದ ನೀರು ಸುರಿಯುವ ಸದ್ದು ಬಂತು. ಆಮೇಲೆ ಅವಳ ದನಿ, ಅಷ್ಟು ವರ್ಷಗಳ ಹಿಂದಿನ ಅದೇ ಎಳೆತ, ಅದೇ ಏರು:

"ಮಾದೇವ ಕುಟ್ಟಿದ್ನೇನ್ಲಾ?"

ನಾನು ಚಪ್ಪಡಿಯ ಮೇಲೇ ನಿಂತಿದ್ದೆ. ನನ್ನ ಬೆನ್ನ ಹಿಂದೆ ಯಾರೋ ಇದ್ದಾರೆ ಅನಿಸಿತು. ತಿರುಗಿ ನೋಡಲಿಲ್ಲ.

"ಇಲ್ಲ ಕಣತ್ತೆ," ಅಂದೆ. "ಕುಟ್ನಿಲ್ಲ."

ನೀರಿನ ಸದ್ದು ನಿಂತಿತು. ಕರು ಇನ್ನೂ ನಿಂತೇ ಇತ್ತು.

"ಒಂದ್ ಸದ್ದೂ ಕೇಳಿಸ್ನಿಲ್ಲ ಕಣ್ಲಾ ಅವತ್ತು," ಅಂದಳು ಅತ್ತೆ. "ಆದ್ರೂ ಕೈ ತೊಳ್ಕಂಡೆ."

ಮತ್ತೆ ನೀರು ಸುರಿಯತೊಡಗಿತು. ಚೊಂಬು ಬರಿದಾದ ಮೇಲೆ ತೊಟ್ಟಿಯಲ್ಲಿ ಅದ್ದಿ, ಮತ್ತೊಂದು ಚೊಂಬು ತುಂಬಿಕೊಂಡಳು.